ಸೋನಾ ಮಸೂರಿ ಉಂಡವರಿಗೆ ಥಾಯ್–ಜಪಾನಿ ಊಟದ ಮೊದಲ ಪಾಠ

ಮೊದಲ ಸಲ ಇಂಥ ಹೋಟೆಲಿಗೆ ಹೋದಾಗ ಮೆನು ಓದುವ ಮುಂಚೆ ಪಕ್ಕದ ಮೇಜಿನ ಅನ್ನ ನೋಡಿರಿ. ಮೆನುವಿನಲ್ಲಿ ಹತ್ತಾರು ಹೆಸರು. ಅರ್ಧ ಥಾಯ್, ಅರ್ಧ ಜಪಾನಿ, ನಡುವೆ ಎರಡನ್ನೂ ಕೂಡಿಸಿ ಮಾಡಿದ ಒಂದಷ್ಟು. ಓದಿದಷ್ಟೂ ತಲೆ ಗಿರ್ರೆನ್ನುತ್ತದೆ. ಅನ್ನ ಹಾಗಲ್ಲ. ಮಾನ್ವಿ, ದೇವದುರ್ಗ, ರಾಯಚೂರಿನವರಿಗೆ ಅನ್ನದ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗಕ್ಕೆ ನೀರು ಬರುತ್ತದೋ ಇಲ್ಲವೋ ಎಂದು ಆಕಾಶ ನೋಡುತ್ತಲೇ ಮಾನ್ವಿಯವರು ನೆಲ್ಲು ಹಚ್ಚುತ್ತಾರೆ. ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ದೇವದುರ್ಗದ ಜೋಳ, ತೊಗರಿಯ ಹೊಲಗಳ ನಡುವೆಯೂ ಗದ್ದೆಗಳು ಕಂಡವು. ರಾಯಚೂರಿನಲ್ಲಂತೂ ರೈಸ್ ಮಿಲ್ಲಿನ ತೌಡಿನ ವಾಸನೆಯಲ್ಲೇ ಬೆಳೆದವರಿದ್ದಾರೆ. ಅಗುಳು ಒತ್ತಿ ನೋಡಿ ಅಕ್ಕಿ ಹಳೆಯದೋ ಹೊಸದೋ ಹೇಳುವ ಜನ ನಾವು. ಆ ವಿದ್ಯೆ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ನಮ್ಮವರಿಗೆ ಈ ಊಟ ಎದುರಾಗುವುದು ಸಾಮಾನ್ಯವಾಗಿ ಬೆಂಗಳೂರಿನಲ್ಲಿ, ಇಲ್ಲವೇ ನಮಗೆ ಅದಕ್ಕಿಂತ ಹತ್ತಿರದ ಹೈದರಾಬಾದಿನಲ್ಲಿ. ಮಗನೋ ಮಗಳೋ ಕೆಲಸಕ್ಕೆ ಸೇರಿರುತ್ತಾರೆ. ಪಗಾರ ಬಂದ ವಾರ ಅಪ್ಪ–ಅವ್ವನನ್ನು ಕರೆಸಿಕೊಳ್ಳುತ್ತಾರೆ. ಇಂದಿರಾನಗರದಲ್ಲೋ ಕೋರಮಂಗಲದಲ್ಲೋ ‘ಪ್ಯಾನ್ ಏಷ್ಯನ್’ ಎಂದು ಬೋರ್ಡು ಹಾಕಿದ ಜಾಗಕ್ಕೆ ಕರೆದೊಯ್ಯುತ್ತಾರೆ. ಅಪ್ಪ–ಅವ್ವ ಕೈ ಕಟ್ಟಿಕೊಂಡು ಕೂರುತ್ತಾರೆ, ‘ನಿನಗ ಏನ್ ಬೇಕೋ ತಗೊಳಪ್ಪ’ ಎನ್ನುತ್ತಾರೆ, ಅರ್ಧ ಹೊಟ್ಟೆಯಲ್ಲಿ ಎದ್ದು ಬರುತ್ತಾರೆ. ಈ ಲೇಖನ ಬರೆದದ್ದು ಅವರಿಗಾಗಿ. ಮಾನ್ವಿಯಲ್ಲಿ ವಿಜ್ಞಾನ ಕಲಿಸಿದ ಮಾಸ್ತರ ನಾನು. ನನ್ನ ಹಳೆಯ ಶಿಷ್ಯನೊಬ್ಬ, ದೇವದುರ್ಗ ತಾಲ್ಲೂಕಿನ ರೈತರ ಮಗ, ತನ್ನ ತಂದೆಯ ಜೊತೆ ನನ್ನನ್ನೂ ಹೀಗೆ ಕೂರಿಸಿದ್ದ. ಕಲಿಸುವವನು ಕಲಿತದ್ದು ಅಲ್ಲೇ.

ಅನ್ನದಿಂದ ಶುರುಮಾಡೋಣ. ಈ ಹೋಟೆಲುಗಳಲ್ಲಿ ಸಾಧಾರಣವಾಗಿ ಮೂರು ಬಗೆ ಅನ್ನ ಸಿಗುತ್ತದೆ. ಜಪಾನಿನದು ಗಿಡ್ಡ, ದುಂಡು ಕಾಳು. ಬೆಂದರೆ ಹೊಳೆಯುತ್ತದೆ, ಒಂದಕ್ಕೊಂದು ಅಂಟುತ್ತದೆ. ಥಾಯ್ಲೆಂಡಿನ ಜಾಸ್ಮಿನ್ ಅಕ್ಕಿ ಉದ್ದ ಕಾಳು, ಮೆತ್ತಗೆ, ಬಾಸುಮತಿಯ ಹತ್ತಿರದ ಒಂದು ಪರಿಮಳ. ಮೂರನೆಯದು ಥಾಯ್ ಅಂಟಕ್ಕಿ, ಅದನ್ನು ನೀರಲ್ಲಿ ಕುದಿಸುವುದಿಲ್ಲ, ನೆನೆಸಿ ಹಬೆಯಲ್ಲಿ ಬೇಯಿಸುತ್ತಾರೆ. ವ್ಯತ್ಯಾಸ ಇರುವುದು ಪಿಷ್ಟದಲ್ಲಿ. ಅಕ್ಕಿಯ ಪಿಷ್ಟದಲ್ಲಿ ಅಮೈಲೋಸ್, ಅಮೈಲೊಪೆಕ್ಟಿನ್ ಎಂದು ಎರಡು ಭಾಗ. ಅಮೈಲೋಸ್ ಹೆಚ್ಚಿದ್ದರೆ ಅನ್ನ ಉದುರು ಉದುರಾಗುತ್ತದೆ, ಕಡಿಮೆಯಿದ್ದರೆ ಅಂಟುತ್ತದೆ. ನಮ್ಮ ಸೋನಾ ಮಸೂರಿಯಲ್ಲಿ ಅದು ಮಧ್ಯಮ. ಜಪಾನಿ ಅಕ್ಕಿಯಲ್ಲೂ ಜಾಸ್ಮಿನ್‌ನಲ್ಲೂ ನಮ್ಮದಕ್ಕಿಂತ ಕಡಿಮೆ. ಅಂಟಕ್ಕಿಯಲ್ಲಿ ಹೆಚ್ಚೂಕಡಿಮೆ ಇಲ್ಲವೇ ಇಲ್ಲ. ಕಡ್ಡಿಯಲ್ಲಿ ಅನ್ನ ತಿನ್ನಲು ಜಪಾನಿಗಳಿಗೆ ಹೇಗೆ ಸಾಧ್ಯ ಎಂದು ಆಶ್ಚರ್ಯಪಡುವವರಿಗೆ ಉತ್ತರ ಇಷ್ಟೇ: ಅವರ ಅನ್ನ ಗಂಟಾಗಿ ಮೇಲೇಳುತ್ತದೆ. ಸೋನಾ ಮಸೂರಿಯನ್ನು ಕಡ್ಡಿಯಲ್ಲಿ ಎತ್ತಲು ಅವರಿಂದಲೂ ಆಗಲಿಕ್ಕಿಲ್ಲ.

ಶಿಷ್ಯನ ತಂದೆ ಅಂದು ಮಾಡಿದ್ದನ್ನು ನಾನು ಮರೆತಿಲ್ಲ. ಸುಶಿ ಎಂಬ ಜಪಾನಿ ಅನ್ನದ ತಿನಿಸಿನ ಒಂದು ತುಂಡು ತಟ್ಟೆಗೆ ಬಂತು. ಅವರು ಅದರ ಮೇಲಿನದನ್ನೆಲ್ಲ ಬದಿಗೆ ಸರಿಸಿದರು. ಎರಡು ಅಗುಳು ತೆಗೆದು ಹೆಬ್ಬೆರಳು–ತೋರುಬೆರಳ ನಡುವೆ ಒತ್ತಿ, ಎಳೆದು ನೋಡಿದರು. ‘ಮಾಸ್ತರ, ಇದು ಹೊಸ ಅಕ್ಕಿ ಅಲ್ರಿ, ತಳಿನೇ ಬ್ಯಾರೆ ಐತಿ’ ಎಂದರು. ಹೋಟೆಲಿನ ಹುಡುಗ ಬಾಯಿ ತೆರೆದು ನಿಂತಿದ್ದ.

ತಳಿ ಬೇರೆ ನಿಜ. ಆದರೆ ದೂರದ್ದಲ್ಲ. 1950ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಒಡಿಶಾದ ಕಟಕ್‌ನ ಅಂದಿನ ಕೇಂದ್ರೀಯ ಭತ್ತ ಸಂಶೋಧನಾ ಸಂಸ್ಥೆಯನ್ನು ಕೇಂದ್ರವಾಗಿಟ್ಟುಕೊಂಡು, ಜಪಾನಿ ಗುಂಪಿನ ಭತ್ತವನ್ನೂ ನಮ್ಮ ಕಡೆಯ ಗುಂಪಿನ ಭತ್ತವನ್ನೂ ಕೂಡಿಸುವ ಯೋಜನೆ ನಡೆಸಿತು. ಅದರಲ್ಲಿ ಒಂದು ಕಡೆ ತೈಚುಂಗ್ 65. ಜಪಾನಿನ ಆಳ್ವಿಕೆಯಲ್ಲಿದ್ದ ತೈವಾನಿನಲ್ಲಿ ಜಪಾನಿ ವಿಜ್ಞಾನಿಗಳು ಎರಡು ಜಪಾನಿ ತಳಿಗಳಿಂದ ತೆಗೆದದ್ದು ಅದು. ಇನ್ನೊಂದು ಕಡೆ ಮಲಯದ ಮಯಾಂಗ್ ಎಬೋಸ್ 80. ಇವೆರಡರ ಸಂತಾನದಿಂದ ಆರಿಸಿದ ತಳಿಯನ್ನು 1965ರಲ್ಲಿ ಮಲೇಷ್ಯಾದಲ್ಲಿ ಬಿಡುಗಡೆ ಮಾಡಿದರು. ಅದರ ಹೆಸರು ಮಹ್ಸೂರಿ. ಸೋನಾ ಮಸೂರಿ ಎನ್ನುವಾಗ ನಾವು ಕರೆಯುವ ‘ಮಸೂರಿ’ ಅದೇ. ನಮ್ಮ ರೈತರು ಬಾಯ್ತುಂಬ ಬಿಪಿಟಿ ಎನ್ನುವ, ಆಂಧ್ರದ ಬಾಪಟ್ಲದಲ್ಲಿ ಬೆಳೆಸಿ 1986ರಲ್ಲಿ ಬಿಡುಗಡೆಯಾದ ಬಿಪಿಟಿ 5204ಕ್ಕೂ ಒಂದು ಕಡೆಯಿಂದ ಮಹ್ಸೂರಿಯೇ ಹೆತ್ತವಳು. ಅಂದರೆ ಜಪಾನು, ಮಲಯ, ಬಾಪಟ್ಲ ಎಲ್ಲ ಕೂಡಿ ನಮ್ಮ ಗದ್ದೆಗೆ ಬಂದಾಗಿದೆ. ಬೆಂಗಳೂರಿನ ಹೋಟೆಲಿನವರು ‘ಫ್ಯೂಷನ್’ ಎಂದು ದೊಡ್ಡದಾಗಿ ಬರೆದುಕೊಂಡಿರುವ ಕೆಲಸವನ್ನು ನಮ್ಮ ಮನೆಯ ಕುಕ್ಕರು ದಿನಾ ಎರಡು ಹೊತ್ತು ಮಾಡುತ್ತಿದೆ.

ಅನ್ನದ ಅಭ್ಯಾಸ ಬಿಡುವುದು ಯಾರಿಗೂ ಸುಲಭವಲ್ಲ, ಅದರಲ್ಲಿ ಸಂಕೋಚ ಬೇಡ. 1993ರ ಬೇಸಿಗೆ ಜಪಾನಿನಲ್ಲಿ ಬೇಸಿಗೆಯಂತಿರಲಿಲ್ಲ. ಚಳಿಗೆ ಬೆಳೆ ಕೈಕೊಟ್ಟು ಭತ್ತ ವಾಡಿಕೆಗಿಂತ ಸುಮಾರು ಕಾಲುಭಾಗ ಕಡಿಮೆಯಾಯಿತು. ಸರ್ಕಾರ ಥಾಯ್ಲೆಂಡ್ ಮತ್ತಿತರ ದೇಶಗಳಿಂದ ಅಕ್ಕಿ ತರಿಸಿತು. ಜನ ಆ ಉದ್ದ ಅಕ್ಕಿಯನ್ನು ತಮ್ಮ ಅಕ್ಕಿಯ ಹಾಗೇ ಬೇಯಿಸಿದರು. ಅದು ಅಂಟಲಿಲ್ಲ, ವಾಸನೆ ಬೇರೆ ಎಂದು ಮೂಗು ಮುರಿದರು. ಅಕ್ಕಿಯಲ್ಲಿ ಕುಂದಿರಲಿಲ್ಲ, ಅದಕ್ಕೆ ಹೊಂದುವ ಸಾರು ಅವರ ತಟ್ಟೆಯಲ್ಲಿರಲಿಲ್ಲ, ಅಷ್ಟೆ. ಆದ್ದರಿಂದ ನಿಮಗೆ ಮೊದಲ ನಿಯಮ: ತೆಂಗಿನ ಹಾಲಿನ ಥಾಯ್ ಕರಿ ತರಿಸಿದರೆ ಜಾಸ್ಮಿನ್ ಅನ್ನ ಕೇಳಿರಿ, ಜಪಾನಿ ಅನ್ನ ಬೇಡ. ಸುಶಿಯ ಅನ್ನಕ್ಕಂತೂ ವಿನೆಗರ್, ಸಕ್ಕರೆ, ಉಪ್ಪು ಕಲಸಿರುತ್ತಾರೆ. ಅದರ ಮೇಲೆ ಥಾಯ್ ಹಸಿರು ಕರಿ ಸುರಿದರೆ ಎರಡೂ ಕೆಡುತ್ತವೆ. ಕೆಲವು ಹೋಟೆಲಿನವರು ಅದನ್ನೇ ಹೊಸ ಶೋಧವೆಂದು ಬಡಿಸುತ್ತಾರೆ. ನಾನು ತಿಂದಿದ್ದೇನೆ, ನೀವು ತಿನ್ನಬೇಡಿ.

ಸುಶಿ ಎಂದರೆ ಹಸಿ ಮೀನು ಎಂಬುದು ತಪ್ಪು ತಿಳಿವಳಿಕೆ. ಸುಶಿ ಎಂದರೆ ಹುಳಿ ಹಾಕಿದ ಅನ್ನದ ಅಡುಗೆ. ಅದರ ಜೊತೆ ಸೌತೆ, ಆವಕಾಡೊ, ಗಜ್ಜರಿ ಏನನ್ನಾದರೂ ಇಡಬಹುದು. ಅನ್ನವಿಲ್ಲದೆ ಬರೀ ಹಸಿ ಮೀನಿನ ಹೋಳು ಬಂದರೆ ಅದು ಸಾಶಿಮಿ. ಸುಶಿಯ ಮೂಲ ಅನ್ನದಲ್ಲಿ ಮೀನನ್ನು ಹುದುಗಿಸಿ ಕೆಡದಂತೆ ಇಡುವ ಪದ್ಧತಿ. ಆ ಪದ್ಧತಿ ಮೆಕಾಂಗ್ ನದಿಯ ಕಡೆಯಿಂದ, ಅಂದರೆ ಇಂದಿನ ಥಾಯ್ಲೆಂಡ್–ಲಾವೋಸ್ ದಿಕ್ಕಿನಿಂದ, ಜಪಾನಿಗೆ ಹೋಯಿತೆಂದು ಆಹಾರದ ಚರಿತ್ರೆ ಬಲ್ಲವರು ಹೇಳುತ್ತಾರೆ. ಈ ಎರಡು ದೇಶಗಳ ಕೊಡುಕೊಳೆ ಹಳೆಯದು. 17ನೆಯ ಶತಮಾನದಲ್ಲಿ ಸಯಾಮಿನ ರಾಜಧಾನಿ ಅಯುತ್ಥಯದಲ್ಲಿ ಜಪಾನಿಗಳ ಓಣಿಯೇ ಇತ್ತು. ಇವತ್ತಿಗೂ ಜಪಾನಿನ ಒಕಿನಾವಾ ದ್ವೀಪದವರು ತಮ್ಮ ಅವಮೋರಿ ಎಂಬ ಮದ್ಯಕ್ಕೆ ಹೆಚ್ಚಾಗಿ ಥಾಯ್ ಅಕ್ಕಿಯನ್ನೇ ಬಳಸುತ್ತಾರೆ.

ಹಾಗಾದರೆ ನಮಗೂ ಅವರಿಗೂ? ಮೆಣಸಿನಕಾಯಿ, ಶೇಂಗಾ ಎರಡೂ ಅಮೆರಿಕ ಖಂಡದ ಗಿಡಗಳು. ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ನಮ್ಮಲ್ಲಿಗೂ ಥಾಯ್ಲೆಂಡಿಗೂ ಮೆಣಸಿನಕಾಯಿ ಬಂತು, ಈಗ ಎರಡೂ ಕಡೆಯವರು ತಮ್ಮದೇ ಎನ್ನುತ್ತಾರೆ. ಜಪಾನಿನ ತೆಂಪುರಾ ಕೂಡ ಪೋರ್ಚುಗೀಸರಿಂದಲೇ ಕಲಿತದ್ದು. ತೆಂಪುರಾ ಎಂದರೆ ಏನು ಎಂದು ಅವ್ವ ಕೇಳಿದರೆ ‘ಮಿರ್ಚಿ ಇದ್ದಂಗ’ ಎಂದುಬಿಡಿ, ಅರ್ಧ ಸರಿ. ಉಳಿದರ್ಧ: ಇಲ್ಲಿ ಕಡಲೆಹಿಟ್ಟಲ್ಲ, ಮೈದಾ; ಸೋಡಾ ಹಾಕಿ ಉಬ್ಬಿಸುವುದಿಲ್ಲ, ಮಂಜಿನಂಥ ತಣ್ಣೀರಲ್ಲಿ ಅರೆಬರೆ ಕಲಸಿ ತೆಳ್ಳಗೆ ಅದ್ದುತ್ತಾರೆ. ಚೆನ್ನಾಗಿ ಕಲಸಿದರೆ ಮೈದಾ ನಾರುಗಟ್ಟಿ ಹೊದಿಕೆ ಗಟ್ಟಿಯಾಗುತ್ತದೆ, ಅದಕ್ಕೇ ಗಂಟು ಬಿಡುವುದು. ರಾಯಚೂರಿನಲ್ಲಿ ಒಗ್ಗರಣಿ–ಮಿರ್ಚಿ ತಿಂದು ಬೆಳೆದವರಿಗೆ ಇದು ಸಪ್ಪೆ ಅನ್ನಿಸುವುದು ಖಂಡಿತ. ಬಂದ ಕೂಡಲೇ ಬಿಸಿಯಾಗಿ ತಿನ್ನಿರಿ, ಮಾತಾಡುತ್ತ ಕೂತರೆ ಮೆತ್ತಗಾಗುತ್ತದೆ.

ಎದಮಾಮೆ ಎಂಬ ಹೆಸರು ಕಂಡರೆ ಧೈರ್ಯವಾಗಿ ತರಿಸಿ. ಎಳೆ ಸೋಯಾ ಕಾಯಿಯನ್ನು ಉಪ್ಪು ಹಾಕಿ ಬೇಯಿಸಿದ್ದು. ಚಳಿಗಾಲದಲ್ಲಿ ದೇವದುರ್ಗದ ಹೊಲದ ಬದುವಿನಲ್ಲಿ ಬೇಯಿಸಿದ ತೊಗರಿಕಾಯಿ ಹೇಗೆ ತಿನ್ನುತ್ತೀರೋ ಹಾಗೇ. ಹಲ್ಲಿನಿಂದ ಕಾಳು ಸುಲಿದು ಸಿಪ್ಪೆ ಬದಿಗಿಡುವುದು. ಅಂದು ಪಕ್ಕದ ಮೇಜಿನ ಬೆಂಗಳೂರಿನ ಹುಡುಗನೊಬ್ಬ ಸಿಪ್ಪೆ ಸಮೇತ ಅಗಿಯುತ್ತಿದ್ದ. ನಮ್ಮ ದೇವದುರ್ಗದ ರೈತರು ಅವನನ್ನೇ ನೋಡುತ್ತಿದ್ದರು, ಏನೂ ಅನ್ನಲಿಲ್ಲ.

ಇನ್ನು ಥಾಯ್ ಕಡೆ. ಪಾಡ್ ಥಾಯ್ ಎಂಬುದು ಅಕ್ಕಿ ಶಾವಿಗೆಯ ಒಗ್ಗರಣೆ. ಹುಣಸೆಹುಳಿ, ಬೆಲ್ಲ, ಮೇಲೆ ಕುಟ್ಟಿದ ಶೇಂಗಾ: ನಮ್ಮ ಹುಳಿಯನ್ನದ ಸಾಮಾನೇ. ಈ ತಿನಿಸು ಪ್ರಾಚೀನವೆಂದು ಯಾರಾದರೂ ಹೇಳಿದರೆ ನಂಬಬೇಡಿ. 1939ರಲ್ಲಿ ಸಯಾಮ್‌ಗೆ ಥಾಯ್ಲೆಂಡ್ ಎಂದು ಹೆಸರು ಬದಲಿಸಿದ ಪ್ರಧಾನಿ ಫಿಬುನ್ ಕಾಲದಲ್ಲಿ ಅದನ್ನು ರಾಷ್ಟ್ರೀಯ ತಿನಿಸೆಂದು ಪ್ರಚಾರ ಮಾಡಿದ್ದು. ಸೋಮ್ ತಮ್ ಎಂದರೆ ಹಸಿ ಪಪ್ಪಾಯಿ ತುರಿಯನ್ನು ಮೆಣಸಿನಕಾಯಿ, ನಿಂಬೆರಸ, ಶೇಂಗಾ ಜೊತೆ ಒರಳಲ್ಲಿ ಜಜ್ಜಿದ್ದು. ಅದರಲ್ಲಿನ ಚೋಟು ಮೆಣಸಿನಕಾಯಿಯ ಎದುರು ‘ನಾವು ರಾಯಚೂರಿನವರು’ ಎಂಬ ಜಂಬ ನಡೆಯುವುದಿಲ್ಲ. ‘ಮೀಡಿಯಂ’ ಎನ್ನಿರಿ. ಮಸ್ಸಮನ್ ಕರಿ ಎಂದರೆ ‘ಮುಸಲ್ಮಾನ’ ಎಂಬ ಪದದಿಂದ ಬಂದ ಹೆಸರು. ದಾಲ್ಚಿನ್ನಿ, ಯಾಲಕ್ಕಿ, ಲವಂಗ, ಆಲೂಗಡ್ಡೆ, ಶೇಂಗಾ ಎಲ್ಲ ಇರುತ್ತವೆ. ಮೊದಲ ಸಲ ಹೋಗುವವರಿಗೆ ನಾನು ಸೂಚಿಸುವುದು ಇದನ್ನೇ. ನಮ್ಮ ಕಡೆಯ ನಾಲಿಗೆಗೆ ಇದರಷ್ಟು ಬೇಗ ಬೇರೇನೂ ಒಗ್ಗುವುದಿಲ್ಲ. ತೋಮ್ ಯಮ್ ಸೂಪಿನಲ್ಲಿ ನಿಂಬೆಹುಲ್ಲಿನ ಕಡ್ಡಿ, ಗಲಾಂಗಲ್ ಎಂಬ ಶುಂಠಿಯ ದಾಯಾದಿಯ ಬಿಲ್ಲೆ, ಒಂದು ಬಗೆ ನಿಂಬೆಯ ಎಲೆ ತೇಲುತ್ತಿರುತ್ತವೆ. ಅವು ಅಗಿಯಲು ಅಲ್ಲ. ಸಾರಿನ ಕರಿಬೇವಿನ ಹಾಗೆ ಬದಿಗಿಡಿ. ಅಗಿದು ಅಗಿದು ‘ಇದೇನ್ರಿ ಕಟಗಿ’ ಎಂದು ಬೈದವರನ್ನು ನಾನು ಬಲ್ಲೆ.

ವಸಾಬಿಯ ಕಥೆ ಹೇಳಲೇಬೇಕು, ನನ್ನ ಮಾನ ಹೋದರೂ ಸರಿ. ಸುಶಿಯ ತಟ್ಟೆಯ ಮೂಲೆಯಲ್ಲಿ ಗೋಲಿ ಗಾತ್ರದ ಹಸಿರು ಮುದ್ದೆ ಇತ್ತು. ಪುದೀನಾ ಚಟ್ನಿ ಎಂದುಕೊಂಡೆ. ‘ಸರ, ಒಮ್ಮಿಗೇ ಬಾಯಾಗ ಹಾಕ್ಕೋಬ್ಯಾಡ್ರಿ!’ ಎಂದು ಶಿಷ್ಯ ಕೂಗುವಷ್ಟರಲ್ಲಿ ಅದು ಒಳಗೆ ಹೋಗಿತ್ತು. ನಾಲಿಗೆಗೆ ಏನೂ ಆಗಲಿಲ್ಲ. ಒಂದು ಕ್ಷಣ ಬಿಟ್ಟು ಮೂಗಿನಿಂದ ನೆತ್ತಿಯವರೆಗೆ ಯಾರೋ ಸೂಜಿ ಏರಿಸಿದ ಹಾಗೆ. ಕಣ್ಣಲ್ಲಿ ದಳದಳ ನೀರು. ನೀರು ಕುಡಿದೆ, ಉಪಯೋಗವಿಲ್ಲ. ಒಂದು ನಿಮಿಷದಲ್ಲಿ ಎಲ್ಲ ತಾನಾಗಿ ಮಾಯ. ಆಮೇಲೆ ನನಗೆ ನನ್ನದೇ ಪಾಠ ನೆನಪಾಯಿತು. ಮೆಣಸಿನಕಾಯಿಯ ಖಾರ ಆವಿಯಾಗುವುದಿಲ್ಲ, ನಾಲಿಗೆಯ ಮೇಲೇ ಕೂರುತ್ತದೆ, ಎಣ್ಣೆಯಲ್ಲಿ, ಹಾಲಿನಲ್ಲಿ ಕರಗುತ್ತದೆ. ವಸಾಬಿಯ ಖಾರ ಸಾಸಿವೆಯ ಖಾರದ ಜಾತಿ, ಬೇಗ ಆವಿಯಾಗಿ ಮೂಗಿಗೆ ನುಗ್ಗುತ್ತದೆ, ಅಷ್ಟೇ ಬೇಗ ಹೋಗುತ್ತದೆ. ಮಾವಿನಕಾಯಿ ಉಪ್ಪಿನಕಾಯಿಗೆ ಸಾಸಿವೆ ಕುಟ್ಟುವಾಗ ಅಡುಗೆಮನೆಯಲ್ಲಿ ಸೀನು ಬರುತ್ತದಲ್ಲ, ಅದೇ. ಬಾಯಿ ತೆರೆದು ಉಸಿರಾಡುತ್ತ ಸುಮ್ಮನೆ ಕೂತರೆ ಸಾಕು. ಇನ್ನೊಂದು ಮಾತು: ಹೋಟೆಲುಗಳಲ್ಲಿ ಸಿಗುವುದು ಬಹುಮಟ್ಟಿಗೆ ನಿಜವಾದ ವಸಾಬಿಯೂ ಅಲ್ಲ, ಹಾರ್ಸ್‌ರ್‍ಯಾಡಿಶ್ ಎಂಬ ಗೆಡ್ಡೆಗೆ ಹಸಿರು ಬಣ್ಣ. ಪಕ್ಕದ ಗುಲಾಬಿ ಬಣ್ಣದ ಪದರು ಶುಂಠಿಯ ಉಪ್ಪಿನಕಾಯಿ. ಒಂದು ತುಂಡು ಸುಶಿ ಮುಗಿದು ಇನ್ನೊಂದಕ್ಕೆ ಹೋಗುವ ಮುಂಚೆ ಬಾಯಿ ತೊಳೆಯಲು ಅದು.

ಕಡ್ಡಿ ಬಾರದೆ ನಾಚುವವರಿಗೆ ಸಮಾಧಾನ ಹೇಳುತ್ತೇನೆ. ಥಾಯ್ಲೆಂಡಿನವರೇ ಅನ್ನಕ್ಕೆ ಕಡ್ಡಿ ಬಳಸುವುದಿಲ್ಲ. ಬಲಗೈಯಲ್ಲಿ ಚಮಚ, ಎಡಗೈಯ ಫೋರ್ಕಿನಿಂದ ಚಮಚಕ್ಕೆ ತಳ್ಳಿಕೊಳ್ಳುವುದು ಅವರ ರೂಢಿ. ಅವರ ಈಶಾನ್ಯ ಭಾಗವಾದ ಇಸಾನ್‌ನಲ್ಲಿ ಅಂಟಕ್ಕಿಯನ್ನು ಕೈಯಲ್ಲೇ ಉಂಡೆ ಮಾಡಿ ಚಟ್ನಿಗೆ ಅದ್ದಿ ತಿನ್ನುತ್ತಾರೆ. ಸುಶಿಯನ್ನೂ ಜಪಾನಿನಲ್ಲಿ ಕೈಯಿಂದ ತಿನ್ನಬಹುದು, ಅಪಚಾರವಲ್ಲ. ಹುದುಗಿಸಿದ ಸೋಯಾದ ಮಿಸೊ ಸೂಪನ್ನು ಬಟ್ಟಲೆತ್ತಿ ಕುಡಿಯಬೇಕು. ರಾಮೆನ್ ಶಾವಿಗೆಯನ್ನು ಸೊರ್ರ್ ಎಂದು ಸದ್ದುಮಾಡಿ ಎಳೆದರೆ ಯಾರೂ ತಿರುಗಿ ನೋಡುವುದಿಲ್ಲ. ಕಡ್ಡಿ ಹಿಡಿಯಲೇಬೇಕೆಂದರೆ ಕೆಳಗಿನದು ಅಲುಗಬಾರದು, ಮೇಲಿನದನ್ನು ಮಾತ್ರ ಪೆನ್ನಿನಂತೆ ಆಡಿಸಿ. ಅನ್ನದಲ್ಲಿ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ, ಜಪಾನಿನಲ್ಲಿ ಸತ್ತವರ ಎಡೆಗೆ ಹಾಗೆ ಇಡುತ್ತಾರೆ. ನಾವು ಪಿಂಡದ ಅನ್ನವನ್ನು ನೋಡಿದವರು, ಇದು ಅರ್ಥವಾಗದ ಮಾತಲ್ಲ.

ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ನಿಧಾನಿಸಬೇಕು. ‘ವೆಜ್ ಇದೆಯಾ’ ಎಂಬ ಪ್ರಶ್ನೆ ಸಾಲದು. ತರಕಾರಿಯ ಥಾಯ್ ಕರಿಯಲ್ಲೂ ಉಪ್ಪಿನ ಬದಲು ಫಿಶ್ ಸಾಸ್ ಇರಬಹುದು. ಕರಿಯ ಅರೆದ ಮಸಾಲೆಯಲ್ಲೇ ಒಣ ಸೀಗಡಿ ಸೇರಿರಬಹುದು. ಹುರಿದ ತರಕಾರಿಗೆ ಆಯ್ಸ್ಟರ್ ಸಾಸ್ ಬಿದ್ದಿರಬಹುದು. ಮಿಸೊ ಸೂಪಿನ ನೀರು ದಾಶಿ, ಅಂದರೆ ಸಾಮಾನ್ಯವಾಗಿ ಒಣಗಿಸಿದ ಮೀನಿನ ಹೆರೆಯಿಂದ ತೆಗೆದ ಕಷಾಯ. ಆದ್ದರಿಂದ ಹೆಸರು ಹಿಡಿದೇ ಕೇಳಿ: ‘ಫಿಶ್ ಸಾಸ್, ಆಯ್ಸ್ಟರ್ ಸಾಸ್, ಸೀಗಡಿ, ದಾಶಿ, ಮೊಟ್ಟೆ ಇವುಗಳಲ್ಲಿ ಯಾವುದಿದೆ?’ ಒಳ್ಳೆಯ ಹೋಟೆಲಿನವರು ಒಳಗೆ ಹೋಗಿ ಕೇಳಿಕೊಂಡು ಬರುತ್ತಾರೆ. ನಿಂತಲ್ಲೇ ‘ಫುಲ್ ವೆಜ್ ಸರ್’ ಎನ್ನುವವರ ಮೇಲೆ ನನಗೆ ನಂಬಿಕೆ ಕಡಿಮೆ. ನಮ್ಮ ಮುಸ್ಲಿಂ ಗೆಳೆಯರು ಇನ್ನೆರಡು ಕೇಳಬೇಕು: ರಾಮೆನ್‌ನ ರಸ ಹಂದಿಯ ಎಲುಬಿನದ್ದೋ, ತೆರಿಯಾಕಿ ಸಾಸಿನಲ್ಲಿ ಮಿರಿನ್ ಎಂಬ ಅಕ್ಕಿ ಮದ್ಯ ಇದೆಯೋ ಎಂದು.

ಸೋಯಾ ಸಾಸ್ ಮಾತ್ರ ಹೊಸ ಪರಿಚಯವಲ್ಲ. ಗೋಬಿ ಮಂಚೂರಿ ಗಾಡಿಯ ಮುಂದೆ ನಿಂತವರೆಲ್ಲ ಅದನ್ನು ಉಂಡಿದ್ದಾರೆ. ಇಲ್ಲಿ ಸೋಯಾ ಸಾಸನ್ನು ಪುಟ್ಟ ಬಟ್ಟಲಲ್ಲಿ ಕೊಡುತ್ತಾರೆ. ಸುಶಿಯ ಅನ್ನದ ಕಡೆಯನ್ನು ಮುಳುಗಿಸಬೇಡಿ, ಅನ್ನ ಬಿಡಿಬಿಡಿಯಾಗಿ ಉದುರುತ್ತದೆ, ಉಪ್ಪುಪ್ಪಾಗುತ್ತದೆ. ಮೇಲಿನ ಕಡೆ ಮುಟ್ಟಿಸಿದರೆ ಸಾಕು.

ತರಿಸುವ ಕ್ರಮ: ನಾಲ್ವರಿದ್ದರೆ ತಲೆಗೊಂದು ತಟ್ಟೆ ಬೇಡ. ಒಂದು ಎದಮಾಮೆ ಅಥವಾ ತೆಂಪುರಾ, ಒಂದು ತೋಮ್ ಯಮ್ ಹಂಚಿಕೊಂಡು, ಒಂದು ಪಾಡ್ ಥಾಯ್, ಒಂದು ಮಸ್ಸಮನ್ ಕರಿ, ಜಾಸ್ಮಿನ್ ಅನ್ನ. ರುಚಿ ನೋಡಲು ಒಂದೇ ತಟ್ಟೆ ಸುಶಿ. ಎಲ್ಲ ನಡುವೆ ಇಟ್ಟು ಬಡಿಸಿಕೊಳ್ಳುವುದೇ ಥಾಯ್ ಪದ್ಧತಿ. ಕೂಡುತಿನಿಸುಗಳಲ್ಲಿ ಚೆನ್ನಾಗಿರುವುದೂ ಇವೆ. ದಪ್ಪ ಉದೊನ್ ಶಾವಿಗೆಗೆ ಹಸಿರು ಕರಿ ಹಾಕಿದ್ದು ಅಂಥದ್ದು, ದಪ್ಪ ಎಳೆ ಗಟ್ಟಿ ರಸವನ್ನು ಹಿಡಿದುಕೊಳ್ಳುತ್ತದೆ. ತೋಮ್ ಯಮ್ ರಾಮೆನ್ ಕೂಡ ಪರವಾಗಿಲ್ಲ. ಜಪಾನಿ ಕರಿ ಎಂದು ಕಂಡರೆ ಅದು ಬ್ರಿಟಿಷರ ಮೂಲಕ ಜಪಾನಿಗೆ ಹೋದ ನಮ್ಮದೇ ಕರಿಯ ಸಿಹಿ ರೂಪ. ಅದನ್ನು ತಿದ್ದಲು ಹೋದವರೂ ನಮ್ಮವರೇ: ವೈಸರಾಯ್ ಹಾರ್ಡಿಂಜ್ ಮೇಲಿನ ಬಾಂಬಿನ ಪ್ರಕರಣದ ನಂತರ ಜಪಾನಿಗೆ ತಪ್ಪಿಸಿಕೊಂಡ ರಾಸ್‌ಬಿಹಾರಿ ಬೋಸ್. ಅವರು ತಮ್ಮ ಮಾವನ ಮನೆಯವರ ಟೋಕಿಯೊ ಅಂಗಡಿ ನಾಕಮುರಾಯಾದಲ್ಲಿ 1927ರಲ್ಲಿ ಭಾರತೀಯ ಕರಿ ಶುರುಮಾಡಿಸಿದರು. ಅದು ಇಂದಿಗೂ ಅಲ್ಲಿ ಸಿಗುತ್ತದೆ.

ಕಲಬೆರಕೆಯಿಲ್ಲದ ಜಪಾನಿ ಊಟವನ್ನೇ ನೋಡಬೇಕೆನ್ನುವವರಿಗೆ ಬೆಂಗಳೂರಿನಲ್ಲಿ ಅದೂ ಇದೆ. 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಂಪನಿ ಹುಟ್ಟಿ ಬಿಡದಿಯಲ್ಲಿ ಕಾರ್ಖಾನೆ ಎದ್ದ ಮೇಲೆ ಜಪಾನಿ ಸಂಸಾರಗಳು ಬಂದವು, ಅವರ ನಾಲಿಗೆಗೆ ತಕ್ಕ ಹೋಟೆಲುಗಳೂ ಬೇಕಾದವು. ರೆಸಿಡೆನ್ಸಿ ರೋಡಿನ ಹರಿಮಾ ಅಂಥವುಗಳಲ್ಲಿ ಹೆಸರಾದದ್ದು. ಆದರೆ ಅಲ್ಲಿಗೆ ಎರಡನೆಯ ಸಲ ಹೋಗಿ, ಮೊದಲ ಸಲಕ್ಕೆ ಬೇಡ.

ಬಿಲ್ಲು ಬಂದಾಗ ಮಗನ ಕೈಯಿಂದ ಕಸಿಯಬೇಡಿ, ಆದರೆ ಕಣ್ಣಾಡಿಸಿ. ಸಾಮಾನ್ಯ ಹೋಟೆಲಿನಲ್ಲಿ ಜಿಎಸ್‌ಟಿ ಶೇ. 5. ಅದರ ಕೆಳಗೆ ‘ಸರ್ವಿಸ್ ಚಾರ್ಜ್’ ಎಂದು ಬೇರೆ ಸಾಲು ಇದ್ದರೆ ಅದು ನಿಮ್ಮ ಇಷ್ಟಕ್ಕೆ ಬಿಟ್ಟದ್ದು. ತಾವಾಗಿಯೇ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿತು, ದೆಹಲಿ ಹೈಕೋರ್ಟು 2025ರಲ್ಲಿ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಎಂದರೆ ತೆಗೆಯುತ್ತಾರೆ.

ಉಳಿದದ್ದನ್ನು ಕಟ್ಟಿಸಿಕೊಳ್ಳುವುದಾದರೆ ಸುಶಿ ಬೇಡ, ಅದರ ಅನ್ನ ತಣ್ಣಗಾಗಿ ಕಲ್ಲಾಗುತ್ತದೆ. ಅಂಟಕ್ಕಿಯೂ ಅಷ್ಟೇ. ಕರಿ ಕಟ್ಟಿಸಿ, ಆದರೆ ತೆಂಗಿನ ಹಾಲಿನದು, ಸೆಖೆಗೆ ಬೇಗ ಹಳಸುತ್ತದೆ. ಅಂದು ರಾತ್ರಿ ನಾವು ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ರಾಯಚೂರಿಗೆ ಹೊರಟಾಗ ಶಿಷ್ಯ ಮಸ್ಸಮನ್ ಕರಿಯನ್ನು ಸ್ಟೀಲ್ ಡಬ್ಬಿಗೆ ಹಾಕಿಕೊಟ್ಟಿದ್ದ. ರೈಲು ಬೆಂಗಳೂರು ದಾಟುವ ಮುಂಚೆಯೇ ಅವನ ತಂದೆ ಮನೆಯಿಂದ ತಂದ ಬುತ್ತಿ ಬಿಚ್ಚಿದರು. ಖಡಕ್ ರೊಟ್ಟಿ ಮುರಿದು ಕರಿಗೆ ಅದ್ದಿದರು. ‘ಲಗೂನ ತಿನ್ರಿ ಮಾಸ್ತರ, ತೊಯ್ದರ ರುಚಿ ಹೋಗತೈತಿ’ ಎಂದರು. ಡಬ್ಬಿ ಹಿಂದೂಪುರಕ್ಕೆ ಮುಂಚೆ ಖಾಲಿ.